ಪೊಲೀಸ್ ಕಡತದಾಚೆಯ ಸಿಮಿಯನ್ ಸಾಲೊಮನ್

ಲಂಡನ್ನಿನ ಕ್ಲರ್ಕನ್‌ವೆಲ್‌ನಲ್ಲಿ ಮೂರು ಜಾಗಗಳು ಒಂದಕ್ಕೊಂದು ಕೂಗಳತೆಯಲ್ಲಿವೆ. ಒಂದು, ಕ್ಲರ್ಕನ್‌ವೆಲ್ ಗ್ರೀನ್‌ನಲ್ಲಿರುವ ಹಳೆಯ ಸೆಷನ್ಸ್ ಕೋರ್ಟಿನ ಕಟ್ಟಡ. ಎರಡನೆಯದು, ವಿಚಾರಣೆಗೆ ಕಾಯುವ ಕೈದಿಗಳನ್ನು ಕೂಡಿಹಾಕುತ್ತಿದ್ದ ಜೈಲಿನ ಜಾಗ. 1890ರಲ್ಲಿ ಜೈಲನ್ನು ಕೆಡವಿ ಅಲ್ಲಿ ಶಾಲೆ ಕಟ್ಟಿದರು, ನೆಲದಡಿಯ ಕೋಣೆಗಳು ಮಾತ್ರ ಉಳಿದವು. ಮೂರನೆಯದು ನಾರ್ಥಾಂಪ್ಟನ್ ರಸ್ತೆಯ ನಗರ ಪತ್ರಾಗಾರ, 2024ರಿಂದ ಅದರ ಹೆಸರು ಲಂಡನ್ ಆರ್ಕೈವ್ಸ್. ಸಿಮಿಯನ್ ಸಾಲೊಮನ್ ಎಂಬ ಚಿತ್ರಕಾರನ ಬೆನ್ನು ಹತ್ತಿದವರಿಗೆ ಈ ಮೂರೂ ಬೇಕು. 1873ರಲ್ಲಿ ಅವನನ್ನು ಇಟ್ಟಿದ್ದು ಆ ಜೈಲಿನಲ್ಲಿ, ವಿಚಾರಣೆ ನಡೆದದ್ದು ಅದೇ ಆಸುಪಾಸಿನಲ್ಲಿ. ಲಂಡನ್ನಿನ ಹಳೆಯ ಕೋರ್ಟು, ಜೈಲು, ಬಡವರ ವರ್ಕ್‌ಹೌಸುಗಳ ಬಹುಪಾಲು ಕಟ್ಟುಗಳು ಬಂದು ಸೇರಿರುವುದು ಈ ಪತ್ರಾಗಾರಕ್ಕೆ.

ತೊಡಕು ಇರುವುದೂ ಇಲ್ಲಿಯೇ. ಒಬ್ಬ ಮನುಷ್ಯ ಬಿದ್ದಾಗ ಬರೆದುಕೊಳ್ಳಲು ಸರ್ಕಾರಕ್ಕೆ ನೂರು ರಿಜಿಸ್ಟರುಗಳಿವೆ. ಅವನು ಕುಂಚ ಹಿಡಿದು ಕೂತ ಬೆಳಗನ್ನು ಬರೆದುಕೊಳ್ಳುವ ಗುಮಾಸ್ತ ಯಾವ ಕಚೇರಿಯಲ್ಲೂ ಇಲ್ಲ. ಹಾಗಾಗಿ ಸಾಲೊಮನ್ನನ ಬದುಕು ಬಹುಕಾಲ ಕೇಡಿನ ಕಥೆಯಾಗಿಯೇ ಓದಿಸಿಕೊಂಡಿತು: ಪ್ರತಿಭಾವಂತ, ಬಂಧನ, ಕುಡಿತ, ಭಿಕ್ಷೆ, ಸಾವು. ಅವನು ಮೂಲತಃ ಧಾರ್ಮಿಕ ಚಿತ್ರಕಾರ ಎಂಬ ಮಾತು ಈ ಸಾಲಿನಲ್ಲಿ ಎಲ್ಲೋ ಬಿದ್ದುಹೋಯಿತು. ಅದಕ್ಕೇ ಪೊಲೀಸರಿಂದ ಶುರುಮಾಡದೆ ರಾಯಲ್ ಅಕಾಡೆಮಿಯ ವಾರ್ಷಿಕ ಪ್ರದರ್ಶನಗಳ ಪಟ್ಟಿಗಳಿಂದ ಶುರುಮಾಡುವುದು ಮೇಲು. ಯಾವ ವರ್ಷ ಯಾರು ಯಾವ ಚಿತ್ರ ಇಟ್ಟರು ಎನ್ನುವುದೆಲ್ಲ ಅಲ್ಲಿದೆ. ಆಲ್ಜರ್ನನ್ ಗ್ರೇವ್ಸ್ ಎಂಬಾತ 1769ರಿಂದ 1904ರವರೆಗಿನ ಆ ಪಟ್ಟಿಗಳನ್ನೆಲ್ಲ ಕಲಾವಿದರ ಹೆಸರಿನಡಿ ಜೋಡಿಸಿ, ವಿಳಾಸಗಳ ಸಮೇತ ಎಂಟು ಸಂಪುಟ ಮಾಡಿಟ್ಟಿದ್ದಾನೆ. ಇಂಥ ಬೇಸರದ ಕೆಲಸ ಮಾಡಿಟ್ಟ ಪುಣ್ಯಾತ್ಮರಿಗೆ ಸಂಶೋಧಕರು ದಿನಾ ಕೈಮುಗಿಯಬೇಕು.

ಆ ಸಂಪುಟಗಳಲ್ಲಿ ಸಾಲೊಮನ್ ಒಬ್ಬನಲ್ಲ, ಮೂವರು ಒಡಹುಟ್ಟಿದವರು ಸಿಗುತ್ತಾರೆ. ಅಣ್ಣ ಏಬ್ರಹಾಂ, ಅಕ್ಕ ರೆಬೆಕಾ, ಕಿರಿಯ ಸಿಮಿಯನ್. ತಂದೆ ಇಟಲಿಯ ಹುಲ್ಲಿನ ಟೋಪಿಗಳ ವ್ಯಾಪಾರಿ, ಲಂಡನ್ ನಗರದ ಪೌರಹಕ್ಕು ಪಡೆದ ಮೊದಲ ಕೆಲವು ಯಹೂದಿಗಳಲ್ಲಿ ಒಬ್ಬ. ಎಂಟನೆಯ ಮಗುವಾಗಿ ಸಿಮಿಯನ್ ಹುಟ್ಟಿದ್ದು 1840ರ ಅಕ್ಟೋಬರ್ 9ರಂದು, ಬಿಷಪ್ಸ್‌ಗೇಟ್‌ನ ಬಳಿ. ಚಿತ್ರಕಲೆಯ ಮೊದಲ ಪಾಠ ಅಣ್ಣ ಅಕ್ಕಂದಿರಿಂದಲೇ. ಏಬ್ರಹಾಂ 1862ರ ಡಿಸೆಂಬರಿನಲ್ಲಿ ಫ್ರಾನ್ಸಿನ ಬಿಯರಿಟ್ಜ್‌ನಲ್ಲಿ ತೀರಿಕೊಂಡ. ಅದೇ ದಿನ ಲಂಡನ್ನಿನಲ್ಲಿ ಅಕಾಡೆಮಿ ಅವನನ್ನು ತನ್ನ ಸಹಸದಸ್ಯನನ್ನಾಗಿ ಆರಿಸಿತ್ತು.

ಸಿಮಿಯನ್ನನ ಹೆಸರು ಪಟ್ಟಿಯಲ್ಲಿ ಮೊದಲು ಕಾಣುವುದು 1858ರಲ್ಲಿ. ವಯಸ್ಸು ಹದಿನೇಳು, ವಿಷಯ ತಂದೆ ಅಬ್ರಹಾಮ ಬಲಿಗೆ ಒಪ್ಪಿಸಿದ ಇಸಾಕ. ಬ್ರಿಟಿಷ್ ಸಂಸತ್ತಿನಲ್ಲಿ ಯಹೂದಿಯೊಬ್ಬ ಮೊದಲ ಸಲ ತನ್ನ ಧರ್ಮದ ಪ್ರಕಾರವೇ ಪ್ರಮಾಣ ಮಾಡಿ ಕೂತದ್ದೂ ಅದೇ ವರ್ಷ, ಲಯೊನೆಲ್ ರಾತ್‌ಸ್ಚೈಲ್ಡ್. ಇಂಗ್ಲಿಷ್ ಚಿತ್ರಕಾರರಿಗೆ ಹಳೆಯ ಒಡಂಬಡಿಕೆ ಎಂದರೆ ಕ್ರಿಸ್ತನ ಮುನ್ನುಡಿ. ಈ ಹುಡುಗನಿಗೆ ಅದು ಮನೆಯಲ್ಲಿ ಕೇಳಿದ ಕಥೆ. 1860ರಲ್ಲಿ ಅವನು ಮೋಶೆಯ ತಾಯಿಯ ಚಿತ್ರ ಇಟ್ಟ. ಕೂಸನ್ನು ಬುಟ್ಟಿಯಲ್ಲಿಟ್ಟು ನದಿಗೆ ಬಿಡುವ ಮೊದಲು ತಾಯಿ ಅದನ್ನು ಕೊನೆಯ ಬಾರಿ ಎತ್ತಿಕೊಂಡಿದ್ದಾಳೆ, ಅಕ್ಕ ಇಣುಕುತ್ತಿದ್ದಾಳೆ. ಕೆಲವು ವಿಮರ್ಶಕರು ಮೂಗು ಮುರಿದರು, ಕಾದಂಬರಿಕಾರ ಥ್ಯಾಕರೆ ಮೆಚ್ಚಿಕೊಂಡ.

ಆ ತಾಯಿಗೆ ಮಾಡೆಲ್ ಆಗಿ ಕೂತವಳು ಫ್ಯಾನಿ ಈಟನ್. ಜಮೈಕಾದಲ್ಲಿ ಹುಟ್ಟಿ ಲಂಡನ್ನಿಗೆ ಬಂದು, ಮನೆಗೆಲಸ ಮಾಡಿ ಮಕ್ಕಳನ್ನು ಸಾಕಿದ ಹೆಂಗಸು. ಸಾಲೊಮನ್ 1859ರಲ್ಲಿ ಅವಳ ಮುಖವನ್ನು ಪೆನ್ಸಿಲ್ಲಿನಲ್ಲಿ ಬರೆದ ಹಾಳೆ ಕೇಂಬ್ರಿಜ್‌ನ ಫಿಟ್ಜ್‌ವಿಲಿಯಂ ಮ್ಯೂಸಿಯಂನಲ್ಲಿದೆ. ಅವಳ ಬದುಕನ್ನು ಇತ್ತೀಚಿನವರು ಕಟ್ಟಿಕೊಟ್ಟದ್ದು ಜನಗಣತಿಯ ಹಾಳೆಗಳಿಂದ. ಬ್ರಿಟನ್ನಿನಲ್ಲಿ ನೂರು ವರ್ಷ ಕಳೆದ ಮೇಲಷ್ಟೇ ಆ ಹಾಳೆಗಳು ಸಾರ್ವಜನಿಕರಿಗೆ ಸಿಗುವುದು. ಇಬ್ಬರು ಹೊರಗಿನವರು ಸೇರಿ ಬೈಬಲ್ಲಿನ ತಾಯಿಯೊಬ್ಬಳನ್ನು ಅಕಾಡೆಮಿಯ ಗೋಡೆಗೇರಿಸಿದರು. ಆ ಕಾಲದ ಲಂಡನ್ನಿನಲ್ಲಿ ಇದು ಸಣ್ಣ ಸಂಗತಿಯಲ್ಲ.

ನನ್ನ ಮಟ್ಟಿಗೆ ಈ ಹುಡುಕಾಟದ ಒಳ್ಳೆಯ ಫಸಲು ಸಿಗುವುದು ಗ್ಯಾಲರಿಯಲ್ಲಲ್ಲ, ಹಳೆಯ ವಾರಪತ್ರಿಕೆಯೊಂದರ ಸಂಪುಟದಲ್ಲಿ. 'ದಿ ಲೀಷರ್ ಅವರ್' ಎಂಬ ಆ ಪತ್ರಿಕೆಯನ್ನು ನಡೆಸುತ್ತಿದ್ದುದು ರಿಲಿಜಸ್ ಟ್ರ್ಯಾಕ್ಟ್ ಸೊಸೈಟಿ, ಕ್ರೈಸ್ತಮತ ಪ್ರಚಾರಕ್ಕೆಂದೇ ಇದ್ದ ಪ್ರಕಾಶನ. 1866ರಲ್ಲಿ ಅದರಲ್ಲಿ ಯಹೂದಿ ಆಚರಣೆಗಳ ಕುರಿತ ಮರದಚ್ಚಿನ ಚಿತ್ರಮಾಲೆ ಬಂತು: ಮದುವೆ, ಪಾಸ್ಕ ಹಬ್ಬ, ಸಬ್ಬತ್ತಿನ ಸಂಜೆ ದೀಪ ಹಚ್ಚುವುದು. ಬರೆದವನು ಸಾಲೊಮನ್. ಮತಾಂತರದ ಆಸೆಯಿಂದ ಪುಟ ಕೊಟ್ಟವರ ಪತ್ರಿಕೆಯಲ್ಲಿ ತನ್ನ ಮನೆಯ ದೀಪವನ್ನು ಅವನು ಒಂದಿಷ್ಟೂ ನಾಚದೆ, ತಮಾಷೆ ಮಾಡದೆ ಇಟ್ಟುಬಿಟ್ಟ. ಅಗ್ಗದ ಕಾಗದ, ಸಣ್ಣ ಅಳತೆ. ಆದರೂ ಮುದುಕರ ಬೆನ್ನು, ಹೆಂಗಸರ ಕೈ, ಮೇಜಿನ ಮೇಲಿನ ಬಟ್ಟೆ, ಎಲ್ಲವೂ ಕಂಡು ಬರೆದವು. ಮರುವರ್ಷ ಬಂದದ್ದು ಯಹೂದಿ ಧರ್ಮಗ್ರಂಥ ತೋರಾದ ಸುರುಳಿಯನ್ನು ಎದೆಗವಚಿಕೊಂಡ ಯುವಕನ ಜಲವರ್ಣ, ಈಗ ಅದು ಮ್ಯಾಂಚೆಸ್ಟರಿನ ವಿಟ್‌ವರ್ತ್‌ನಲ್ಲಿದೆ. ಅಲ್ಲಿಗೇ ನಿಲ್ಲಲಿಲ್ಲ. ಪೂರ್ವದ ಚರ್ಚಿನ ಸಂತ, 1870ರಲ್ಲಿ ಪ್ರಸಾದದ ಪಾತ್ರೆ ಹಿಡಿದ ಕ್ಯಾಥೊಲಿಕ್ ಪಾದ್ರಿ, ನಡುವೆ ರೋಮಿನ ಸೂರ್ಯಪೂಜಾರಿ, ಗ್ರೀಕರ ಕವಯಿತ್ರಿ ಸಾಫೋ. ದೇವರು ಯಾರೇ ಇರಲಿ, ಪೂಜೆಯಲ್ಲಿ ಮುಳುಗಿದ ಮುಖವೇ ಅವನ ವಿಷಯ.

1872ರ ನಂತರ ಅಕಾಡೆಮಿಯ ಪಟ್ಟಿಗಳಿಂದ ಹೆಸರು ಮಾಯ. ಈಗ ಕೋರ್ಟಿನ ಕಡತಕ್ಕೆ ಬರಬೇಕು. 1873ರ ಫೆಬ್ರವರಿ 11ರಂದು ಆಕ್ಸ್‌ಫರ್ಡ್ ಸ್ಟ್ರೀಟಿನ ಪಕ್ಕದ ಸ್ಟ್ರಾಟ್‌ಫರ್ಡ್ ಪ್ಲೇಸ್ ಮ್ಯೂಸ್‌ನ ಸಾರ್ವಜನಿಕ ಮೂತ್ರಾಲಯದಲ್ಲಿ ಜಾರ್ಜ್ ರಾಬರ್ಟ್ಸ್ ಎಂಬ, ಲಾಯದಲ್ಲಿ ಕೆಲಸಕ್ಕಿದ್ದ ಮುದುಕನ ಜೊತೆ ಅವನನ್ನು ಹಿಡಿದರು. ಆರೋಪ, ಸಲಿಂಗ ಸಂಭೋಗದ ಯತ್ನ. ಆ ಅಪರಾಧಕ್ಕಿದ್ದ ಮರಣದಂಡನೆಯನ್ನು ಇಂಗ್ಲೆಂಡು 1861ರಲ್ಲಷ್ಟೇ ತೆಗೆದಿತ್ತು. ಅದರ ಹಿಂದಿನ ವರ್ಷವೇ ನಮಗೆ ದಂಡಸಂಹಿತೆಯ 377ನೇ ಕಲಮು ಬರೆದುಕೊಟ್ಟಿತ್ತು. ನಮ್ಮ ಸುಪ್ರೀಂ ಕೋರ್ಟ್ ಅದನ್ನು ಸಡಿಲಿಸಿದ್ದು 2018ರಲ್ಲಿ. ಸಾಲೊಮನ್ ನೂರು ಪೌಂಡಿನ ಮೇಲೆ ಬಿಡುಗಡೆಯಾದ. ರಾಬರ್ಟ್ಸ್‌ಗೆ ಹದಿನೆಂಟು ತಿಂಗಳ ಕಠಿಣ ದುಡಿಮೆ. ಒಂದೇ ಕೇಸು, ಒಂದೇ ಜಾಗ. ಒಬ್ಬನಿಗೆ ಹಣವಿದ್ದ ಬಂಧುಬಳಗವಿತ್ತು, ಇನ್ನೊಬ್ಬನಿಗೆ ಇರಲಿಲ್ಲ. ಸಾಲೊಮನ್ನನ ಬಗ್ಗೆ ಮರುಗುವವರು ರಾಬರ್ಟ್ಸ್‌ನ ಹೆಸರನ್ನೂ ಒಮ್ಮೆ ಓದಬೇಕು.

ಮರುವರ್ಷ ಪ್ಯಾರಿಸ್ಸಿನಲ್ಲಿ ಮತ್ತೆ ಬಂಧನ, ಮೂರು ತಿಂಗಳ ಸೆರೆ. ಅವನ ಚಿತ್ರಗಳನ್ನು ಹೊಗಳಿ ಬರೆದಿದ್ದ ಕವಿ ಸ್ವಿನ್‌ಬರ್ನ್ ಬೆನ್ನು ತಿರುಗಿಸಿದ.

ಇಲ್ಲಿಂದ ಮುಂದೆ ಕಥೆಗಳ ಹಾವಳಿ. ಬೇಸ್‌ವಾಟರ್‌ನ ಕಾಲುದಾರಿಯಲ್ಲಿ ಸೀಮೆಸುಣ್ಣದ ಚಿತ್ರ ಬರೆದನಂತೆ, ಮೈಲ್ ಎಂಡ್‌ನಲ್ಲಿ ಬೆಂಕಿಪೊಟ್ಟಣ ಮಾರಿದನಂತೆ, ಚಿತ್ರಕಾರ ಬರ್ನ್-ಜೋನ್ಸ್ ಮನೆಗೆ ಕನ್ನ ಹಾಕಿದನಂತೆ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ನಕಲು ಮಾಡಿದ ಇಂಥವನ್ನು ನಾನು ಪಕ್ಕಕ್ಕಿಡುತ್ತೇನೆ. ಗಟ್ಟಿಯಾಗಿ ಹೇಳಬಹುದಾದದ್ದು ಇಷ್ಟು: 1884ರಲ್ಲಿ ಅವನು ವರ್ಕ್‌ಹೌಸ್ ಸೇರಿದ. ಕೊನೆಯವರೆಗೂ ಅವನಿಗೆ ಎಂಡೆಲ್ ಸ್ಟ್ರೀಟಿನ ಸೇಂಟ್ ಜೈಲ್ಸ್ ವರ್ಕ್‌ಹೌಸಿನ ನಂಟಿತ್ತು. 1868ರ ಕಾಯ್ದೆಯ ಪ್ರಕಾರ ಇಂಥ ಸಂಸ್ಥೆಗಳು ಒಳಬಂದ ಪ್ರತಿಯೊಬ್ಬರ ಧರ್ಮವನ್ನೂ ಪ್ರತ್ಯೇಕ ರಿಜಿಸ್ಟರಿನಲ್ಲಿ ಬರೆಯಬೇಕಿತ್ತು, ವಂಶ ಹುಡುಕುವವರಿಗೆ ಅದು ಈಗಲೂ ಚಿನ್ನದ ಗಣಿ. ಆ ರಿಜಿಸ್ಟರಿನ ಧರ್ಮದ ಅಂಕಣಕ್ಕೆ ಬೇಕಾದದ್ದು ಒಂದು ಪದ. ಸಿನಗಾಗಿನಿಂದ ಕ್ಯಾಥೊಲಿಕ್ ಪೀಠದವರೆಗೆ ಓಡಾಡಿದ ಕುಂಚದ ಮನುಷ್ಯ ಒಂದು ಪದದಲ್ಲಿ ಹಿಡಿಸುವವನಲ್ಲ.

ಆಸ್ಕರ್ ವೈಲ್ಡ್‌ನ ಗೆಳೆಯ ರಾಬರ್ಟ್ ರಾಸ್ 1893ರಲ್ಲಿ ಅವನನ್ನು ಕಂಡಿದ್ದ. ಬರೆದಿಟ್ಟದ್ದನ್ನು ನೋಡಿದರೆ ಗೋಳಿನ ಮುದುಕ ಎಲ್ಲೂ ಇಲ್ಲ. ಕೊಳಕು, ಕುಡುಕ, ಸರಿ. ಆದರೆ ಮಾತುಗಾರ, ಯಾರ ಮೇಲೂ ಹಗೆಯಿಲ್ಲದವ. 2009ರಲ್ಲಿ ಕ್ಯಾರೊಲಿನ್ ಕಾನ್ರಾಯ್ ಯಾರ್ಕ್ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದ ಪ್ರಬಂಧದ ವಿಷಯವೇ 1873ರ ನಂತರದ ಸಾಲೊಮನ್. ಆ ಕಾಲದ ಚಿತ್ರಗಳನ್ನು ಕಲೆಹಾಕಿದರೆ ಕೈ ನಿಂತಿರಲಿಲ್ಲ ಎಂಬುದು ಖಚಿತ: ಕಣ್ಣು ಮುಚ್ಚಿದ ತಲೆಗಳು, ಕ್ರಿಸ್ತ, ದೇವದೂತರು, ಇರುಳು, ನಿದ್ರೆ. ಅದೇ ಮುಖ ಮತ್ತೆ ಮತ್ತೆ ಬರುತ್ತದೆ, ಗೆರೆ ಕೆಲವೆಡೆ ಸಡಿಲ, ಕೆಲವು ನಿಜಕ್ಕೂ ಕಳಪೆ. ಛಾಯಾಗ್ರಾಹಕ ಫ್ರೆಡರಿಕ್ ಹಾಲಿಯರ್ ಅವುಗಳ ಫೋಟೊ ಪ್ರತಿಗಳನ್ನು ತೆಗೆದು ಮಾರಿದ. 1894ರಲ್ಲಿ ಮುಂಬೈಯಲ್ಲಿ ಮುದ್ರಣಾಲಯ ತೆರೆದ ರವಿವರ್ಮನ ಲಕ್ಷ್ಮೀ ಸರಸ್ವತಿಯರು ನಮ್ಮ ಪಡಸಾಲೆಗಳಿಗೆ ಬಂದ ಹಾಗೆ, ಸಾಲೊಮನ್ನನ ತಲೆಗಳು ಆಕ್ಸ್‌ಫರ್ಡಿನ ಹುಡುಗರ ಕೋಣೆಗಳಿಗೆ ಹೋದವು. ವೈಲ್ಡ್ ಜೈಲಿನಿಂದ ಬರೆದ ದೀರ್ಘ ಪತ್ರದಲ್ಲಿ, ಹರಾಜಿನಲ್ಲಿ ಕಳೆದುಕೊಂಡ ವಸ್ತುಗಳ ನಡುವೆ ತನ್ನ ಸಾಲೊಮನ್ ಚಿತ್ರಗಳನ್ನೂ ಹೆಸರಿಸಿದ್ದಾನೆ. ಆ ಚಿತ್ರಗಳನ್ನು ಬರೆದವನು ವರ್ಕ್‌ಹೌಸಿನಲ್ಲಿದ್ದ.

1905ರ ಆಗಸ್ಟ್ 14ರಂದು ಅವನು ಸೇಂಟ್ ಜೈಲ್ಸ್‌ನಲ್ಲಿಯೇ ಸತ್ತ. 1872ರ ನಂತರ ತನ್ನ ಪಟ್ಟಿಗಳಲ್ಲಿ ಅವನ ಹೆಸರಿಲ್ಲದಿದ್ದ ಅಕಾಡೆಮಿ ಮರುವರ್ಷ ಅವನ ಕೃತಿಗಳನ್ನು ಗೋಡೆಗೆ ಹಾಕಿತು. ಆಮೇಲೆ ಬಹುಕಾಲ ಸುದ್ದಿಯಿಲ್ಲ. ಮೂವರು ಒಡಹುಟ್ಟಿದವರನ್ನು ಜೊತೆಗಿಟ್ಟ ಪ್ರದರ್ಶನ ಲಂಡನ್ನಿನ ಜೆಫ್ರಿ ಮ್ಯೂಸಿಯಂನಲ್ಲಿ ನಡೆದದ್ದು 1985ರಲ್ಲಿ. 2005ರಲ್ಲಿ ಬರ್ಮಿಂಗ್‌ಹ್ಯಾಮ್‌ನಿಂದ ಹೊರಟ ದೊಡ್ಡ ಪ್ರದರ್ಶನ ಲಂಡನ್ನಿನ ಬೆನ್ ಯೂರಿ ಗ್ಯಾಲರಿಗೂ ಬಂತು. ಈಗ ಅವನನ್ನು ಹೆಚ್ಚಾಗಿ ನೆನೆಯುವುದು ಸಲಿಂಗಿ ಕಲಾವಿದನೆಂದು. ಅದು ನ್ಯಾಯವೇ. ಆದರೆ ಲೀಷರ್ ಅವರ್‌ನ ಪುಟಗಳನ್ನು ನೋಡಿದ ಮೇಲೆ ನನ್ನ ತೀರ್ಮಾನ ಬೇರೆ: ಇಂಗ್ಲಿಷ್ ಕಲೆಯೊಳಗೆ ಯಹೂದಿ ಮನೆಯ ಪೂಜೆಯನ್ನು ಒಳಗಿನವನಾಗಿ ತಂದಿಟ್ಟವರಲ್ಲಿ ಅವನು ಮೊದಲ ಸಾಲಿನವನು. 1873ರ ಕಡತ ಆ ಬದುಕಿನ ಒಂದು ಪುಟ.

ಲಂಡನ್ನಿಗೆ ಹೋಗುವ ಕನ್ನಡಿಗರು ಟೇಟ್ ಬ್ರಿಟನ್ನಿನ ಸಂಗ್ರಹದಲ್ಲಿರುವ ಅವನ ಸಾಫೋ ಚಿತ್ರವನ್ನು ವಿಚಾರಿಸಿ. ಅವನ ಸಮಾಧಿ ಇರುವುದು ವಿಲ್ಸ್‌ಡನ್‌ನ ಯಹೂದಿ ಸ್ಮಶಾನದಲ್ಲಿ, ಡಿಎನ್‌ಎ ಸಂಶೋಧಕಿ ರೊಸಾಲಿಂಡ್ ಫ್ರ್ಯಾಂಕ್ಲಿನ್ ಮಲಗಿರುವುದೂ ಅಲ್ಲೇ. ಆ ಸ್ಮಶಾನ ತೆರೆದದ್ದು 1873ರಲ್ಲಿ. ಶನಿವಾರ ಮಾತ್ರ ಹೋಗಬೇಡಿ, ಸಬ್ಬತ್ತಿನ ದಿನ ಬಾಗಿಲು ಮುಚ್ಚಿರುತ್ತದೆ.