ತುಳಸಿದಳ ಮತ್ತು ತುಳಸಿ (ಜೋಡಿ ಕಾದಂಬರಿಗಳು)

ತೆಲುಗು ಲೇಖಕ ಯಂಡಮೂರಿ ವೀರೇಂದ್ರನಾಥ್ ಬರೆದ, ಒಂದರ ಕಥೆಯನ್ನು ಇನ್ನೊಂದು ಮುಂದುವರಿಸುವ ಮಾಟಮಂತ್ರದ ಕಾದಂಬರಿಗಳು. ಮೊದಲನೆಯದು 1980ರ ದಶಕದ ಆರಂಭದಲ್ಲಿ ‘ಆಂಧ್ರಭೂಮಿ’ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. ವಂಶಿ ಅವರ ಅನುವಾದದ ಮೂಲಕ ಇವು ಕನ್ನಡದಲ್ಲೂ ಮನೆಮಾತಾದವು.

‘ತುಳಸಿದಳ’ದ ತುಳಸಿ ಇನ್ನೂ ಮಗು. ಶ್ರೀಧರ ಮತ್ತು ಶಾರದೆಯ ಮಗಳು. ಅವಳಿಗೆ ಹತ್ತು ತುಂಬಿದರೆ ದೊಡ್ಡ ಆಸ್ತಿ ಅವಳ ಪಾಲಾಗುತ್ತದೆ. ಅದಕ್ಕೇ ಮಂತ್ರವಾದಿ ಕಾದ್ರಾ ಅವಳ ಮೇಲೆ ಕಾಷ್ಮೋರಾ ಎಂಬ ಕ್ಷುದ್ರಶಕ್ತಿಯನ್ನು ಬಿಡುತ್ತಾನೆ. ಕೊನೆಗೆ ಮಗು ಉಳಿದದ್ದು ಮಂತ್ರಕ್ಕೆ ಪ್ರತಿಮಂತ್ರ ಹಾಕಿದ್ದರಿಂದಲೋ ಸಮ್ಮೋಹನ ಚಿಕಿತ್ಸೆಯಿಂದಲೋ ಎಂಬುದನ್ನು ಲೇಖಕರು ಓದುಗರಿಗೇ ಬಿಡುತ್ತಾರೆ. ‘ತುಳಸಿ’ಯಲ್ಲಿ ಆ ಜಾಣ್ಮೆ ಸಡಿಲವಾಗಿದೆ. ಇಲ್ಲಿ ಹುಡುಗಿ ಬೆಳೆದಿದ್ದಾಳೆ, ಕಾದ್ರಾನ ಸೇಡು ತೀರಿಸಲು ದಾರ್ಕಾ ಬರುತ್ತಾನೆ, ಕಾಷ್ಮೋರಾ ಮತ್ತೆ ಏಳುತ್ತದೆ. ಎರಡೂ ಪುಸ್ತಕಗಳಲ್ಲಿ ಹಾಯುವ ನಿಜವಾದ ಪಾತ್ರ ಅದೇ ಎನ್ನಬೇಕು.

ಈ ಭಯದ ಬೇರು ಜನಪದ ನಂಬಿಕೆಯಲ್ಲಿದೆ. ರಾಯಚೂರಿನಿಂದ ಮಂತ್ರಾಲಯದ ದಾರಿಯಲ್ಲಿರುವ ಯರಗೇರಾದಂಥ ಊರುಗಳ ಸುತ್ತ ಕನ್ನಡ, ತೆಲುಗು ಎರಡೂ ಬಳಕೆಯಲ್ಲಿವೆ. 1956ರವರೆಗೆ ರಾಯಚೂರು ಜಿಲ್ಲೆ ತೆಲಂಗಾಣದ ಜೊತೆ ಹೈದರಾಬಾದ್ ರಾಜ್ಯದಲ್ಲೇ ಇತ್ತು. ಗಡಿಯ ಎರಡೂ ಕಡೆ ಬಾಣಾಮತಿ ಎಂಬ ಮಾಟದ ನಂಬಿಕೆ ಒಂದೇ: ಮನೆಯ ಮೇಲೆ ಕಲ್ಲು ಬೀಳುತ್ತವೆ, ಪೆಟ್ಟಿಗೆಯಲ್ಲಿಟ್ಟ ಬಟ್ಟೆಗೆ ಬೆಂಕಿ ಹತ್ತುತ್ತದೆ, ಹೆಂಗಸರು ನಾಯಿಯಂತೆ ಬೊಗಳುತ್ತಾರೆ. ನಿಂಬೆಹಣ್ಣು, ಕುಂಕುಮ, ಸೂಜಿ ಚುಚ್ಚಿದ ಗೊಂಬೆ ಕಾದಂಬರಿಗೆ ಮುಂಚೆಯೇ ಇದ್ದವು. ಇವಕ್ಕೆ ಹೆಸರುಳ್ಳ ಒಡೆಯನನ್ನೂ ಸಾವಿನ ಗಡುವನ್ನೂ ವೈರದ ವಂಶಾವಳಿಯನ್ನೂ ಕೊಟ್ಟದ್ದು ಯಂಡಮೂರಿ.

ಹಳ್ಳಿಯ ಬಾಣಾಮತಿಯಲ್ಲಿ ಮಂತ್ರವಾದಿ ಬಲಶಾಲಿಯಲ್ಲ. ಬಹುಪಾಲು ಅವನು ಊರು ಬೆರಳು ತೋರಿದ ಬಡವ. ಮಂತ್ರ ಉಚ್ಚರಿಸಬಾರದೆಂದು ಅಂಥವರ ಹಲ್ಲು ಕಿತ್ತ ಪ್ರಕರಣಗಳು ತೆಲಂಗಾಣದಲ್ಲಿ ದಾಖಲಾಗಿವೆ. ಕಾದಂಬರಿಯಲ್ಲಿ ಕಾದ್ರಾನ ಅಂತ್ಯ ಓದುಗನಿಗೆ ಬಿಡುಗಡೆಯ ಉಸಿರು. ಈ ಅಂತರವನ್ನು ಅಭಿಮಾನಿಗಳು ಅಷ್ಟಾಗಿ ಗಮನಿಸಿಲ್ಲ.

ವಿಮರ್ಶಕರು ಸುಮ್ಮನಿರಲಿಲ್ಲ. ತೆಲುಗು ಲೇಖಕಿ ರಂಗನಾಯಕಮ್ಮ ‘ತುಳಸಿದಳ’ವನ್ನು ಗಾಂಜಾದ ದಮ್ಮಿಗೆ ಹೋಲಿಸಿ ಪುಸ್ತಕವನ್ನೇ ಬರೆದರು. ಕಾದಂಬರಿಗೆ ಮುನ್ನುಡಿ ಬರೆದಿದ್ದ ಕೊಮ್ಮೂರಿ ವೇಣುಗೋಪಾಲರಾವ್, ರಂಗನಾಯಕಮ್ಮನವರ ಮೇಲೆ ಮಾನನಷ್ಟ ಮೊಕದ್ದಮೆ ಹೂಡಿದರು. ಕರ್ನಾಟಕದಲ್ಲಿ ಕುಲಪತಿ ಎಚ್. ನರಸಿಂಹಯ್ಯ 1976ರಲ್ಲೇ ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಪವಾಡ, ಮೂಢನಂಬಿಕೆಗಳ ತನಿಖೆಗೆ ಸಮಿತಿ ರಚಿಸಿದ್ದರು. ನಿಮ್ಹಾನ್ಸ್‌ನ ಮನೋವೈದ್ಯ ಸಿ.ಆರ್. ಚಂದ್ರಶೇಖರ್ ಮೈಮೇಲೆ ಬರುವುದು, ಬಾಣಾಮತಿ ಇವನ್ನು ಮನಸ್ಸಿನ ಒತ್ತಡದ ಕಡೆಯಿಂದ ವಿವರಿಸಿ ಕನ್ನಡದಲ್ಲಿ ಬರೆದರು. ಧಾರಾವಾಹಿಯ ಓದುಗರ ಸಂಖ್ಯೆಯ ಮುಂದೆ ಆ ಪುಸ್ತಕಗಳದು ಸಣ್ಣ ದನಿ.

1985ರಲ್ಲಿ ವೇಮಗಲ್ ಜಗನ್ನಾಥರಾವ್ ‘ತುಳಸಿದಳ’ವನ್ನು ಶರತ್ ಬಾಬು ಅವರೊಂದಿಗೆ ಕನ್ನಡ ಚಿತ್ರವಾಗಿಸಿದರು. ಮುಂದಿನ ಭಾಗ 1986ರಲ್ಲಿ ತೆಲುಗಿನಲ್ಲಿ ‘ಕಾಷ್ಮೋರಾ’ ಎಂಬ ಹೆಸರಿನಲ್ಲೇ ತೆರೆಗೆ ಬಂತು. ದಾರ್ಕಾ ಆದವರು ರಾಜಶೇಖರ್, ತುಳಸಿಯಾದವರು ಭಾನುಪ್ರಿಯಾ. ಸುದೀಪ್ ನಟಿಸಿದ ರಾಮ್‌ಗೋಪಾಲ್ ವರ್ಮಾ ಅವರ ಹಿಂದಿ ‘ಫೂಂಕ್’ (2008) ಕೂಡ ಮಗಳ ಮೇಲಿನ ಮಾಟದ ಕಥೆಯೇ. ‘ತುಳಸಿದಳ’ ಓದಿದವರಿಗೆ ಹೋಲಿಕೆ ಕೂಡಲೇ ಹೊಳೆಯುತ್ತದೆ.