ನಲ್ಲಿ ನಿಲ್ಲದ ಹೋಟೆಲಿನಲ್ಲಿ ಇಪ್ಪತ್ತೆರಡು ದಿನ

ನೆರೂಳದ ನಮ್ಮ ಸೊಸೈಟಿಯ ಹುಡುಗನೊಬ್ಬ ಪರದೇಶದಲ್ಲಿ ನಡೆದ ಒಂದು ಅಂತರರಾಷ್ಟ್ರೀಯ ಸಮ್ಮೇಳನಕ್ಕೆ ಕಂಪನಿ ಕೆಲಸದ ಮೇಲೆ ಹೋಗಿ ಬಂದ. ಬಂದವನ ಬಾಯಲ್ಲಿ ಎರಡು ದಿನ ಬರೀ ಬೈಗುಳ. "ಅಂಕಲ್, ಯಾವ ಹಾಲ್‌ನಲ್ಲಿ ಯಾವ ಸಭೆ ಅಂತ ನಡೆಸೋರಿಗೇ ಗೊತ್ತಿಲ್ಲ. ಕಾಗದ ಕೈಗೆ ಬರೋ ಹೊತ್ತಿಗೆ ಸಭೆ ಮುಗಿದಿರುತ್ತೆ. ಕೊನೇ ದಿನ ಓದದೇ ಸಹಿ ಹಾಕಿ ಬಂದೆ" ಅಂದ. ಕೊನೆಯ ಮಾತಿಗೆ ನನಗೆ ನಗು ಬಂತು. "ನೀನೊಬ್ಬನೇ ಅಲ್ಲಪ್ಪ, ಕೇನ್ಸ್ ಮಹಾಶಯರೂ ಹಾಗೇ ಸಹಿ ಹಾಕಿದ್ದು" ಅಂದೆ.

ಎಂ.ಕಾಂ. ಓದುವಾಗ ನಾವೆಲ್ಲ ಬ್ರೆಟನ್ ವುಡ್ಸ್ ಒಪ್ಪಂದದ ಬಗ್ಗೆ ಟಿಪ್ಪಣಿ ಬಾಯಿಪಾಠ ಮಾಡಿದವರು. ಅಂತರರಾಷ್ಟ್ರೀಯ ಹಣಕಾಸು ನಿಧಿ ಮತ್ತು ವಿಶ್ವಬ್ಯಾಂಕ್ ಹುಟ್ಟಿದ್ದು ಅಲ್ಲಿ, ಅಷ್ಟೆ. ಆ ಸಭೆ ಹೇಗೆ ನಡೆಯಿತು ಅಂತ ಯಾವ ಮೇಷ್ಟ್ರೂ ಹೇಳಲಿಲ್ಲ. ನಿವೃತ್ತನಾದ ಮೇಲೆ ಓದಿ ತಿಳಿದೆ.

1944ರ ಜುಲೈ 1. ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಬೆಟ್ಟದ ಬುಡದಲ್ಲಿ ಮೌಂಟ್ ವಾಷಿಂಗ್ಟನ್ ಹೋಟೆಲು. 1902ರಲ್ಲಿ ಶ್ರೀಮಂತರಿಗಾಗಿ ಕಟ್ಟಿದ ಅರಮನೆಯಂಥ ಕಟ್ಟಡ. ಯುದ್ಧದ ಕಾರಣ ಎರಡು ವರ್ಷ ಬಾಗಿಲು ಹಾಕಿತ್ತು. ಅದನ್ನು ತರಾತುರಿಯಲ್ಲಿ ತೆರೆದು 44 ದೇಶಗಳ 700ಕ್ಕೂ ಹೆಚ್ಚು ಪ್ರತಿನಿಧಿಗಳನ್ನು ಕರೆಸಿದರು. ಜೊತೆಗೆ ಗುಮಾಸ್ತರು, ಟೈಪಿಸ್ಟರು, ಪತ್ರಕರ್ತರು. ಕೋಣೆ ಸಾಲದೆ ಕೆಲವರನ್ನು ಮೈಲಿಗಟ್ಟಲೆ ದೂರದ ಬೇರೆ ಹೋಟೆಲುಗಳಿಗೆ ಸಾಗಿಸಿದರು. ನಲ್ಲಿಗಳು ದಿನವಿಡೀ ಸುರಿಯುತ್ತವೆ, ಕಿಟಕಿ ಹಾಕಲೂ ಬರುವುದಿಲ್ಲ ತೆಗೆಯಲೂ ಬರುವುದಿಲ್ಲ ಅಂತ ಕೇನ್ಸರ ಹೆಂಡತಿ ಲಿಡಿಯಾ ಊರಿಗೆ ಕಾಗದ ಬರೆದರು. ಚೀಟಿ ಮುಟ್ಟಿಸಲು ಆಳು ಸಾಲದೆ ಸ್ಕೌಟ್ ಹುಡುಗರನ್ನು ಕರೆತಂದಿದ್ದರು. ಹಗಲೆಲ್ಲ ಸಮಿತಿ, ರಾತ್ರಿ ಮತ್ತೆ ಸಮಿತಿ, ಬೆಳಗಿನ ಜಾವದವರೆಗೆ ಕರಡು. ಜುಲೈ 19ಕ್ಕೆ ಮುಗಿಯಬೇಕಾಗಿದ್ದು 22ರವರೆಗೆ ಎಳೆಯಿತು. ಹೃದ್ರೋಗಿ ಕೇನ್ಸ್ ಮೆಟ್ಟಿಲು ಹತ್ತುವಾಗ ಕುಸಿದರು. ಅವರು ತೀರಿಯೇಹೋದರೆಂದು ಜರ್ಮನಿಯಲ್ಲಿ ಸುದ್ದಿಯಾಯಿತು!

ಭಾರತದ ತಂಡದ ನಾಯಕ ವೈಸರಾಯ್ ಸರ್ಕಾರದ ಹಣಕಾಸು ಸದಸ್ಯ ಜೆರೆಮಿ ರೈಸ್‌ಮನ್, ಬ್ರಿಟಿಷರು. ಸಲಹೆಗಾರ ಥಿಯೋಡರ್ ಗ್ರೆಗರಿಯೂ ಬ್ರಿಟಿಷರೇ. ಉಳಿದಂತೆ ರಿಸರ್ವ್ ಬ್ಯಾಂಕಿನ ಮೊದಲ ಭಾರತೀಯ ಗವರ್ನರ್ ಸಿ.ಡಿ. ದೇಶಮುಖ್, ಕೊಯಮತ್ತೂರಿನ ಷಣ್ಮುಖಂ ಚೆಟ್ಟಿ, ಮುಂಬೈಯ ಎ.ಡಿ. ಶ್ರಾಫ್, ರಿಸರ್ವ್ ಬ್ಯಾಂಕಿನ ಬಿ.ಕೆ. ಮದನ್. ದೇಶಮುಖರು ನಮ್ಮ ಪಕ್ಕದ ರಾಯಗಡ ಜಿಲ್ಲೆಯವರು. ಮಹಾಡ್ ಹತ್ತಿರ ಹುಟ್ಟಿದ್ದು. ನೆರೂಳದಿಂದ ಪನವೇಲ್ ದಾಟಿದರೆ ಅವರ ಜಿಲ್ಲೆ.

ಇವರು ಅಷ್ಟು ದೂರ ಹೋದದ್ದು ಒಂದು ಬಾಕಿ ವಸೂಲಿಗಾಗಿ. ಬ್ಯಾಂಕಿನವನಾದ್ದರಿಂದ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಯುದ್ಧಕ್ಕೆ ಬೇಕಾದ ಬಟ್ಟೆ, ಧಾನ್ಯ, ಸೆಣಬು ಎಲ್ಲ ಬ್ರಿಟನ್ ನಮ್ಮಲ್ಲಿ ಕೊಂಡಿತು. ಹಣವನ್ನು ಲಂಡನ್ನಿನಲ್ಲಿ ಪೌಂಡಿನ ಲೆಕ್ಕದಲ್ಲಿ ಜಮಾ ಮಾಡಿತು. ಆ ಪೌಂಡುಗಳ ಆಧಾರದ ಮೇಲೆ ರಿಸರ್ವ್ ಬ್ಯಾಂಕ್ ಇಲ್ಲಿ ರೂಪಾಯಿ ನೋಟು ಹೊರಡಿಸಿ ಸಾಮಾನು ಕೊಟ್ಟವರಿಗೆ ಕೊಟ್ಟಿತು. ಮಾಲು ಹೋಯಿತು, ನೋಟು ಉಳಿಯಿತು, ಬೆಲೆ ಏರಿತು. 1943ರಲ್ಲಿ ಬಂಗಾಳದ ಕ್ಷಾಮದಲ್ಲಿ ಲಕ್ಷಾಂತರ ಜನ ಸತ್ತದ್ದರ ಹಿಂದೆ ಈ ಬೆಲೆ ಏರಿಕೆಯೂ ಇತ್ತು. ಯುದ್ಧ ಮುಗಿಯುವ ಹೊತ್ತಿಗೆ ಬ್ರಿಟನ್ ನಮಗೆ ಕೊಡಬೇಕಾದದ್ದು ಸುಮಾರು 130 ಕೋಟಿ ಪೌಂಡ್. ಆಳುವವನೇ ಸಾಲಗಾರ! ಅದರಲ್ಲಿ ಒಂದು ಭಾಗವನ್ನಾದರೂ ಡಾಲರಿಗೆ ಬದಲಿಸಿಕೊಳ್ಳುವ ಹಕ್ಕು ಹೊಸ ನಿಧಿಯಲ್ಲಿ ಇರಲಿ ಎಂದು ಶ್ರಾಫ್ ವಾದಿಸಿದರು. ಬ್ಯಾಂಕಿನಲ್ಲಿ ಹತ್ತು ಲಕ್ಷ ಡಾಲರ್ ಇದ್ದೂ ಟ್ಯಾಕ್ಸಿಗೆ ಕೊಡಲು ಚಿಲ್ಲರೆ ಇಲ್ಲದವನ ಸ್ಥಿತಿ ನಮ್ಮದು ಅಂದರು. ತಿದ್ದುಪಡಿ ಬಿದ್ದುಹೋಯಿತು. ಇದು ಬ್ರಿಟನ್ ತನ್ನ ಸಾಲಿಗರ ಜೊತೆ ಕೂತು ಗೌರವದಿಂದ ತೀರಿಸುವ ವಿಷಯ ಅಂತ ಕೇನ್ಸ್ ಹೇಳಿ ಮುಗಿಸಿದರು. ಹಿಂದುಳಿದ ದೇಶಗಳ ಅಭಿವೃದ್ಧಿಯನ್ನು ನಿಧಿಯ ಉದ್ದೇಶಗಳಲ್ಲಿ ಸೇರಿಸಿ ಎಂದು ನಮ್ಮವರು ಕೇಳಿದ್ದು ಮಾತ್ರ 'ಎಲ್ಲ ಸದಸ್ಯರ ಉತ್ಪಾದಕ ಸಂಪನ್ಮೂಲ' ಎಂಬ ಮೆದು ಮಾತಾಗಿ ಒಳಗೆ ಬಂತು.

ಈ ಅವ್ಯವಸ್ಥೆ ಬರೀ ಅವ್ಯವಸ್ಥೆಯೇ? ನನಗೆ ಸಂಶಯ. ಅಮೆರಿಕದ ಖಜಾನೆ ಇಲಾಖೆಯ ಹ್ಯಾರಿ ಡೆಕ್ಸ್‌ಟರ್ ವೈಟ್ ನಿಧಿಯ ಆಯೋಗವನ್ನು ತಾವು ಇಟ್ಟುಕೊಂಡು, ಕೇನ್ಸರನ್ನು ವಿಶ್ವಬ್ಯಾಂಕಿನ ಆಯೋಗಕ್ಕೆ ಅಧ್ಯಕ್ಷರನ್ನಾಗಿ ಕೂರಿಸಿದರು. ನಡವಳಿ ಬರೆಯುವವರು, ಕರಡು ಜೋಡಿಸುವವರು ಅಮೆರಿಕದವರೇ. ಕೇನ್ಸ್ ತಮ್ಮ ಆಯೋಗದಲ್ಲಿ ಎಷ್ಟು ಓಡಿಸಿದರೆಂದರೆ, ಉಳಿದವರು ಪುಟ ತಿರುವುವಷ್ಟರಲ್ಲಿ ಕಲಂ ಪಾಸಾಗಿರುತ್ತಿತ್ತು ಅಂತ ಅಮೆರಿಕದ ಡೀನ್ ಅಚೆಸನ್ ದೂರಿದರು. ಆ ಕಡೆ ಜುಲೈ 13ರಂದು, ಕೇನ್ಸ್ ಇಲ್ಲದ ನಿಧಿಯ ಸಭೆಯಲ್ಲಿ, ಭಾರತದ ಪ್ರತಿನಿಧಿ ಒಂದು ಸರಳ ಪ್ರಶ್ನೆ ಕೇಳಿದರು: ಚಿನ್ನಕ್ಕೆ ಬದಲಾಯಿಸಬಹುದಾದ ಹಣ ಅಂತ ಕರಡಿನಲ್ಲಿದೆಯಲ್ಲ, ಹಾಗಂದರೆ ಯಾವುದು? ಒಳ್ಳೆ ಬ್ಯಾಂಕ್ ಆಡಿಟರ್ ಕೇಳುವ ಪ್ರಶ್ನೆ. ಬ್ರಿಟನ್ನಿನ ಡೆನಿಸ್ ರಾಬರ್ಟ್‌ಸನ್, 'ಚಿನ್ನ ಮತ್ತು ಅಮೆರಿಕದ ಡಾಲರ್' ಅಂತ ಬರೆದರಾಯಿತು ಅಂದರು. ವೈಟ್ ವಿಶೇಷ ಸಮಿತಿಗೆ ಕಳಿಸಿ ಮುಂದೆ ಹೋದರು. ಚಿನ್ನದ ಪಕ್ಕದಲ್ಲಿ ಡಾಲರ್ ಕೂತಿತು. ಚಿನ್ನವೆಲ್ಲ ಅಮೆರಿಕದ ಹತ್ತಿರವೇ ಇದ್ದ ಕಾಲ. ಪ್ರಶ್ನೆ ಕೇಳದಿದ್ದರೂ ಡಾಲರೇ ರಾಜನಾಗುತ್ತಿತ್ತೇನೋ. ಆದರೂ ಬಾಗಿಲು ತೆರೆದದ್ದು ನಮ್ಮವರ ಪ್ರಶ್ನೆ. ಅಲ್ಲಿನ ಮಾತುಕತೆಯ ಶೀಘ್ರಲಿಪಿ ದಾಖಲೆ ಅಮೆರಿಕದ ಖಜಾನೆಯ ಗ್ರಂಥಾಲಯದಲ್ಲಿ ದಶಕಗಟ್ಟಲೆ ಬಿದ್ದಿದ್ದು, 2012ರಲ್ಲಿ ಪುಸ್ತಕವಾಯಿತು.

ಜುಲೈ 22ರಂದು ಎಲ್ಲರೂ ಸಹಿ ಹಾಕಿದರು. ಪೂರ್ತಿ ಶುದ್ಧಪ್ರತಿ ಓದುವ ಅವಕಾಶವೇ ನಮಗಿರಲಿಲ್ಲ, ಕಂಡದ್ದು ಸಹಿಯ ಜಾಗ ಮಾತ್ರ ಎಂದು ಕೇನ್ಸ್ ಆಮೇಲೆ ಒಪ್ಪಿಕೊಂಡರು. ನಮ್ಮ ಶಾಖೆಗಳಲ್ಲಿ ಯಾವ ಗುಮಾಸ್ತನಾದರೂ ಹೀಗೆ ಮಾಡಿದ್ದರೆ ಮೆಮೋ ಗ್ಯಾರಂಟಿ.

"ಅಂಕಲ್, ಆ ದುಡ್ಡು ಕೊನೆಗೆ ಬಂತಾ?" ಅಂತ ಹುಡುಗ ಕೇಳಿದ. ಬಂತು, ಕಂತಿನಲ್ಲಿ. 1947ರ ಆಗಸ್ಟ್ ಒಪ್ಪಂದದಲ್ಲಿ ಒಂದನೇ ಖಾತೆ, ಎರಡನೇ ಖಾತೆ ಅಂತ ಮಾಡಿದರು. ಒಂದನೆಯದರಲ್ಲಿ ಸ್ವಲ್ಪ ಇಟ್ಟು ಖರ್ಚು ಮಾಡಿ ಅಂದರು, ಎರಡನೆಯದಕ್ಕೆ ಬೀಗ. ಬೀಗ ಪೂರ್ತಿ ತೆಗೆಯುವ ಮೊದಲೇ, 1949ರ ಸೆಪ್ಟೆಂಬರಿನಲ್ಲಿ, ಬ್ರಿಟನ್ ಪೌಂಡಿನ ಬೆಲೆಯನ್ನು 4.03 ಡಾಲರಿನಿಂದ 2.80ಕ್ಕೆ ಇಳಿಸಿತು. ಡಾಲರ್ ಲೆಕ್ಕದಲ್ಲಿ ನಮ್ಮ ಬಾಕಿಯ ಸುಮಾರು ಮೂರನೇ ಒಂದು ಪಾಲು ರಾತ್ರೋರಾತ್ರಿ ಹೋಯಿತು. ಆಗ ಮುಂಬೈಯಲ್ಲಿ ರಿಸರ್ವ್ ಬ್ಯಾಂಕಿನ ಗವರ್ನರ್ ಕುರ್ಚಿಯಲ್ಲಿ ಕೂತು ಎರಡೂವರೆ ತಿಂಗಳಾಗಿದ್ದವರು ನಮ್ಮ ಮಂಗಳೂರು ಕಡೆಯ ಬೆನೆಗಲ್ ರಾಮ ರಾವ್.