ಟೊಮೆಟೊ ಬೆಳೆಗೆ ನೀರು: ಪ್ರಮಾಣದಷ್ಟೇ ಅಂತರವೂ ಮುಖ್ಯ

ಹಿರಿಯೂರು ತಾಲ್ಲೂಕಿನ ಧರ್ಮಪುರ ಹೋಬಳಿ ರಾಜ್ಯದ ಮಧ್ಯ ಒಣ ವಲಯಕ್ಕೆ ಸೇರಿದೆ. ಮಳೆ ಕಡಿಮೆಯಿರುವ ಇಲ್ಲಿ ತರಕಾರಿ ಬೆಳೆಗಾರರಿಗೆ ಕೊಳವೆ ಬಾವಿಯೇ ಮುಖ್ಯ ಆಸರೆ. ವಿದ್ಯುತ್ ಬಂದಾಗ ಹೊಲ ತುಂಬ ನೀರು ಹಾಯಿಸಿ, ಬಳಿಕ ಬಹುದಿನ ಒಣಗಲು ಬಿಡುವ ಕ್ರಮ ಟೊಮೆಟೊಗೆ ಒಗ್ಗುವುದಿಲ್ಲ. ಅಷ್ಟೇ ನೀರನ್ನು ಸ್ವಲ್ಪ ಸ್ವಲ್ಪವಾಗಿ, ಕ್ರಮವಾಗಿ ಕೊಟ್ಟರೆ ಇಳುವರಿಯೂ ಹಣ್ಣಿನ ಗುಣಮಟ್ಟವೂ ಉತ್ತಮಗೊಳ್ಳುತ್ತವೆ.

ಎಷ್ಟು ದಿನಕ್ಕೊಮ್ಮೆ?

ನಾಟಿ ಮಾಡಿದ ಮೊದಲ ವಾರ ಸಸಿ ಬೇರೂರುವವರೆಗೆ ತೆಳುವಾಗಿ, ಮೇಲಿಂದ ಮೇಲೆ ನೀರು ಕೊಡಬೇಕು. ಅನಂತರ ಅಂತರವನ್ನು ತುಸು ಹೆಚ್ಚಿಸಿದರೆ ಬೇರು ನೀರನ್ನರಸಿ ಆಳಕ್ಕಿಳಿಯುತ್ತದೆ. ಮರಳು ಮಿಶ್ರಿತ ಕೆಂಪು ಮಣ್ಣು ಬೇಗ ಒಣಗುವುದರಿಂದ ಸಾಲಿನಲ್ಲಿ ಹಾಯಿಸುವವರು ಬೇಸಿಗೆಯಲ್ಲಿ ಸುಮಾರು 4-5 ದಿನಕ್ಕೊಮ್ಮೆ, ಚಳಿಗಾಲದಲ್ಲಿ 7-8 ದಿನಕ್ಕೊಮ್ಮೆ ನೀರುಣಿಸಬಹುದು. ಎರೆ ಮಣ್ಣಿನಲ್ಲಿ ಈ ಅಂತರ ಇನ್ನೂ ಹೆಚ್ಚಿರಬೇಕು. ಇಲ್ಲವಾದರೆ ನೀರು ನಿಂತು ಬೇರು ಉಸಿರಾಡಲಾಗದೆ ಕೊಳೆಯುತ್ತದೆ, ಎಲೆ ಹಳದಿಗಟ್ಟುತ್ತದೆ. ಹನಿ ನೀರಾವರಿಯಲ್ಲಿ ದಿನವೂ ಅಥವಾ ದಿನ ಬಿಟ್ಟು ದಿನ ಸ್ವಲ್ಪ ಹೊತ್ತು ನೀರು ಬಿಟ್ಟರೆ ಸಾಕು. ಎಲೆಗಳು ನೆನೆಯದ ಕಾರಣ ಅಂಗಮಾರಿ ರೋಗದ ಹರಡುವಿಕೆಯೂ ತಗ್ಗುತ್ತದೆ.

ಹಣ್ಣಿನ ಮೇಲೆ ಪರಿಣಾಮ

ಹೂ ಬಿಡುವ ಕಾಲದಿಂದ ಕಾಯಿ ದಪ್ಪವಾಗುವವರೆಗಿನ ಅವಧಿ ಅತಿ ಸೂಕ್ಷ್ಮವಾದುದು. ಆಗ ನೀರಿನ ಕೊರತೆಯಾದರೆ ಹೂ ಉದುರುತ್ತದೆ, ಕಾಯಿ ಸಣ್ಣದಾಗುತ್ತದೆ. ಕ್ಯಾಲ್ಸಿಯಂ ಕಾಯಿಯನ್ನು ಸೇರುವುದು ನೀರಿನ ಜತೆಯಲ್ಲೇ. ಮಣ್ಣು ಒಮ್ಮೆ ಒಣಗಿ ಒಮ್ಮೆ ಕೆಸರಾದರೆ, ಮಣ್ಣಿನಲ್ಲಿ ಕ್ಯಾಲ್ಸಿಯಂ ಇದ್ದರೂ ಕಾಯಿಗೆ ಸಾಲದೆ ಅದರ ತುದಿ ಕಪ್ಪಾಗಿ ಕೊಳೆಯುತ್ತದೆ. ಇದು ಶಿಲೀಂಧ್ರ ರೋಗವಲ್ಲ; ಔಷಧಿ ಸಿಂಪಡಿಸಿದರೆ ಖರ್ಚು ಮಾತ್ರ ಉಳಿಯುತ್ತದೆ. ಬಹುದಿನ ಒಣಗಿದ ಗಿಡಕ್ಕೆ ಒಮ್ಮೆಲೇ ನೀರು ತುಂಬಿಸಿದರೆ ಹಣ್ಣಿನ ತಿರುಳು ಉಬ್ಬಿ ಸಿಪ್ಪೆ ಸೀಳುತ್ತದೆ. ಅಂಥ ಹಣ್ಣು ದೂರದ ಮಾರುಕಟ್ಟೆಯ ಸಾಗಾಟ ತಾಳದು.

ಹಣ್ಣು ಬಣ್ಣಕ್ಕೆ ತಿರುಗುವಾಗ ನೀರನ್ನು ಮಿತವಾಗಿ ತಗ್ಗಿಸಿದರೆ ರುಚಿ ಮತ್ತು ಗಟ್ಟಿತನ ಹೆಚ್ಚುತ್ತವೆ. ಅತಿಯಾಗಿ ತಗ್ಗಿಸಿದರೆ ತೂಕ ಕಡಿಮೆಯಾಗುತ್ತದೆ.

ಹದ ತಿಳಿಯುವ ಬಗೆ

ಗಿಡದ ಬುಡದಿಂದ ತುಸು ದೂರದಲ್ಲಿ ಅರ್ಧ ಗೇಣು ಆಳದ ಮಣ್ಣು ತೆಗೆದು ಹಿಡಿಯಲ್ಲಿ ಒತ್ತಿ ನೋಡಬೇಕು. ಉಂಡೆ ಕಟ್ಟಿದರೆ ಹದವಿದೆ, ಪುಡಿಯಾದರೆ ನೀರು ಬೇಕು. ಮಧ್ಯಾಹ್ನ ಬಾಡಿದ ಎಲೆ ಸಂಜೆಗೆ ಚೇತರಿಸಿಕೊಂಡರೆ ಆತುರದ ಅಗತ್ಯವಿಲ್ಲ. ಬೆಳಿಗ್ಗೆಯೂ ಬಾಡಿದ್ದರೆ ತಡಮಾಡಬಾರದು. ಬುಡಕ್ಕೆ ಒಣಹುಲ್ಲು ಅಥವಾ ಪ್ಲಾಸ್ಟಿಕ್ ಹೊದಿಕೆ ಹಾಕಿದರೆ ತೇವ ಹೆಚ್ಚು ದಿನ ಉಳಿಯುತ್ತದೆ.

ತಮ್ಮ ಜಮೀನಿನ ಮಣ್ಣಿಗೆ ತಕ್ಕ ಸಲಹೆ ಬೇಕಾದ ರೈತರು ಹಿರಿಯೂರಿನ ಬಬ್ಬೂರು ಫಾರಂನಲ್ಲಿರುವ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬಹುದು.